ಕೆಳಗೆ ಜಾರುವ ಅಕ್ಷರಗಳು

ಅಂದು ಬೆಳಿಗ್ಗೆ ನಾನು ಅಂಗಿಯ ತೋಳು ಕತ್ತರಿಸುತ್ತಿದ್ದಾಗ ಬೇಕರಿಯವಳು ಬಂದಳು. ಯಾವತ್ತೂ ಮಾತಾಡುತ್ತಲೇ ಒಳಗೆ ನುಗ್ಗುವವಳು ಅಂದು ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ಮೊದಲು ಆ ಕತ್ತರಿ ಕೆಳಗಿಡಿ," ಎಂದಳು.

ಇಟ್ಟೆ. ಔಷಧಿ ಅಂಗಡಿಯ ಗೋಡೆಗೆ ಬೋರ್ಡ್ ಬರೆಯಲು ಏಣಿ ಹತ್ತಿದ್ದ ಪೇಂಟರ್ ಬಿದ್ದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತಂತೆ. ಅವಳು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಬಹಳ ದಿನಗಳಿಂದ ಈ ಸುದ್ದಿಗೆ ಕಿವಿಗೊಟ್ಟೇ ಕೂತಿದ್ದೆ.

ಪೇಂಟರಿಗೂ ನನಗೂ ಪರಿಚಯವಾದದ್ದು ವರ್ತಕರ ಸಂಘ ಸಣ್ಣ ಅಂಗಡಿಯವರಿಗಾಗಿ ನಡೆಸಿದ ತರಬೇತಿಯಲ್ಲಿ. ಗಿರಾಕಿಯೊಡನೆ ಹೇಗೆ ಮಾತಾಡಬೇಕು, ಒಬ್ಬರ ಕೆಲಸವನ್ನು ಇನ್ನೊಬ್ಬರು ನಾಲ್ಕು ಜನಕ್ಕೆ ಹೇಗೆ ತಿಳಿಸಬೇಕು ಎಂದು ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಕಲಿಸುತ್ತಿದ್ದರು. ನಾನು ಗಂಡನನ್ನು ಕಳೆದುಕೊಂಡು ಹೊಲಿಗೆಯಲ್ಲೇ ತಲೆ ನರೆಸಿಕೊಂಡವಳು. ಪೇಂಟರೂ ಹೆಂಡತಿಯನ್ನು ಕಳೆದುಕೊಂಡವರು, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಮೇಡಂ ನಮ್ಮಿಬ್ಬರನ್ನು ಜೋಡಿ ಮಾಡಿ, ಒಬ್ಬರ ಅಂಗಡಿಗೆ ಒಬ್ಬರು ಗುರುತಿಲ್ಲದ ಗಿರಾಕಿಯಂತೆ ಹೋಗಿ, ಕಂಡ ಕೊರತೆ ಹೇಳಬೇಕೆಂದರು.

ಪೇಂಟರ್ ಬಹಳ ಗಂಭೀರವಾಗಿ ನನ್ನ ಅಂಗಡಿಗೆ ಬಂದು, ಇಲ್ಲಿ ಟೈಲರ್ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಕೊರಳಲ್ಲಿ ಟೇಪು ಹಾಕಿಕೊಂಡು ಎದುರೇ ನಿಂತಿದ್ದೇನಲ್ಲ ಎಂದೆ.

"ನನಗೆ ಕಾಣ್ತೀರಿ. ರಸ್ತೆಗೆ ಕಾಣಲ್ಲ. ಬೋರ್ಡ್ ಎಲ್ಲಿ?"

ಹಾಗೆನ್ನುತ್ತ ಬಾಗಿಲ ಮೇಲೆ ನೋಡಲು ಕತ್ತೆತ್ತಿದರು. ತಕ್ಷಣ ಅವರ ಕೈ ಚೌಕಟ್ಟನ್ನು ತಡಕಾಡಿ ಗಟ್ಟಿಯಾಗಿ ಹಿಡಿಯಿತು. ಕಣ್ಣು ಮುಚ್ಚಿದರು, ತೆರೆದರು, ನನ್ನನ್ನು ನೋಡಿ ನಕ್ಕರು. ಆ ನಗು ಮನಸ್ಸಿಗೆ ಹಿಡಿಸಿತು. ಆ ಕೈ ಮಾತ್ರ ಚೌಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.

ಆಮೇಲೆ ಅವರ ಅಂಗಿಗಳ ಗುಂಡಿಗಳು ಒಂದೊಂದಾಗಿ ಉದುರತೊಡಗಿದವು, ಹೊಲಿಸಲು ನನ್ನ ಬಳಿಗೇ ತರುತ್ತಿದ್ದರು. ಒಂದು ದಿನ ದಾರದ ತುದಿಯನ್ನು ಬೆಳಕಿಗೆ ಹಿಡಿದು, ಇದು ತಾನಾಗಿ ಕಿತ್ತುಬಂದದ್ದಲ್ಲ, ಬ್ಲೇಡಿನಿಂದ ಕುಯ್ದದ್ದು ಎಂದೆ. ಅವರ ಕಿವಿಗಳು ಕೆಂಪಾದವು.

"ಟೈಲರಮ್ಮನ ಹತ್ರ ಏನೂ ಮುಚ್ಚಿಡೋಕಾಗಲ್ಲ."

"ಹಾಗಾದ್ರೆ ತಲೆ ತಿರುಗೋದನ್ನ ಯಾಕೆ ಮುಚ್ಚಿಡ್ತೀರಿ?"

ನಗು ಅಲ್ಲೇ ನಿಂತಿತು. ಕತ್ತೆತ್ತಿದರೆ ಲೋಕವೇ ಓರೆಯಾಗುತ್ತದೆ, ಡಾಕ್ಟರು ಏಣಿ ಮುಟ್ಟಬೇಡಿ ಎಂದಿದ್ದಾರೆ ಎಂದು ಕೊನೆಗೆ ಹೇಳಿದರು. ಇದು ಹೊರಗೆ ತಿಳಿದರೆ ಯಾರು ಕೆಲಸ ಕೊಡುತ್ತಾರೆ ಎಂದೂ ಕೇಳಿದರು.

ತರಬೇತಿ ಫಲ ಕೊಟ್ಟಿತ್ತು. ಬೇಕರಿಯವಳು ಚಪ್ಪಲಿ ಅಂಗಡಿಗೆ ಅವರ ಹೆಸರು ಹೇಳಿದಳು, ಚಪ್ಪಲಿಯವರು ಸೈಕಲ್ ಶಾಪಿಗೆ. ಎಲ್ಲರೂ ಪ್ರೀತಿಯಿಂದಲೇ ಕರೆದರು. ದೂರದಿಂದಲೇ ಕಾಣಬೇಕು ಎಂದು ಮೇಡಂ ಕಲಿಸಿದ್ದರಿಂದ ಪ್ರತಿಯೊಬ್ಬರ ಬೋರ್ಡೂ ಹಿಂದಿನವರದಕ್ಕಿಂತ ಎತ್ತರಕ್ಕೆ ಏರಿತು. ಸಂಜೆ ಬೀದಿಯಲ್ಲಿ ನಡೆಯುವಾಗ ನಾನು ಒಂದೊಂದನ್ನೂ ನೋಡುತ್ತಿದ್ದೆ. ಮೇಲಿನ ಸಾಲುಗಳು ನೇರವಾಗಿರುತ್ತಿದ್ದವು. ಕೊನೆಯ ಸಾಲಿನ ಅಕ್ಷರಗಳು ಮಾತ್ರ ಸ್ವಲ್ಪ ಕೆಳಗೆ ಜಾರಿರುತ್ತಿದ್ದವು. ಜನ ಅದನ್ನು ಹೊಸ ಸ್ಟೈಲ್ ಎಂದು ಹೊಗಳಿದರು. ಒಂದೊಂದು ಹೊಸ ಬೋರ್ಡಿನಲ್ಲೂ ಆ ಜಾರು ಇನ್ನಷ್ಟು ಹೆಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅವರನ್ನು ಕೂರಿಸಿ ಹೇಳಿದೆ: ಬೋರ್ಡನ್ನು ನೆಲದ ಮೇಲಿಟ್ಟು ಬರೆಯಿರಿ, ಏರಿಸುವವರು ಬೇರೆಯವರಿರಲಿ. ನನ್ನ ಅಂಗಡಿಯ ಅರ್ಧ ಭಾಗ ಖಾಲಿಯೇ ಇದೆ.

ಅವರು ಆ ಖಾಲಿ ಭಾಗವನ್ನು ಕಣ್ಣಲ್ಲೇ ಅಳೆದು ನನ್ನತ್ತ ತಿರುಗಿದರು.

"ಅರ್ಧ ಅಂಗಡಿ ಮಾತ್ರಾನಾ?"

"ಉಳಿದದ್ದು ಬೇಕಾದ್ರೆ ಬಾಯಿಬಿಟ್ಟು ಕೇಳಬೇಕು."

ಕೇಳಿದರು. ಈ ವಯಸ್ಸಿನಲ್ಲಿ ನನಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಒಪ್ಪಿದೆ.

ಆದರೆ ಔಷಧಿ ಅಂಗಡಿಯ ಗೋಡೆಯೊಂದು ಉಳಿದಿತ್ತು. ಅದನ್ನು ಬಿಟ್ಟುಬಿಡಿ ಎಂದು ಕೈ ಹಿಡಿದು ಬೇಡಿದೆ.

"ಸಂಘದಲ್ಲಿ ಎಲ್ಲರ ಮುಂದೆ ಮಾತು ಕೊಟ್ಟಿದ್ದೀನಿ ಕಣ್ರೀ. ಇದೊಂದು ಮುಗಿಸಿ ಇಳಿದುಬಿಡ್ತೀನಿ."

ಅಂದಿನಿಂದ ಹೊರಗೆ ಏನು ಬಿದ್ದ ಸದ್ದಾದರೂ ಹೊಲಿಗೆ ಯಂತ್ರ ನಿಲ್ಲಿಸಿ ಆಲಿಸುತ್ತಿದ್ದೆ.

ಬೇಕರಿಯವಳು ಸುದ್ದಿ ತಂದ ದಿನ ಸಂಜೆ, ಅವರನ್ನು ತಂದು ಮಲಗಿಸಿದ್ದ ಅವರ ಮನೆಯಲ್ಲಿ ನಾನು ಸಂಘದವರ ಹಿಂದೆ, ಗೋಡೆಗೊರಗಿ ಕೂತೆ. ಆ ಮನೆಯಲ್ಲಿ ನಾನು ಯಾರು? ಅವರ ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನೆದುರು ನಿಂತಳು. ಅಪ್ಪ ಫೋನಿನಲ್ಲಿ ಒಬ್ಬರ ವಿಷಯ ಹೇಳುವುದಿದೆ ಎಂದಿದ್ದರಂತೆ.

"ನೀವೇನಾ ಅವರು?"

"ಹೌದಮ್ಮ. ನಾವು ಮದುವೆ ಆಗಬೇಕು ಅಂತಿದ್ವಿ."

ಸಂಘದವರೆಲ್ಲ ತಿರುಗಿ ನೋಡಿದರು. ಆ ಹುಡುಗಿ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು.

"ಹಾಗಾದ್ರೆ ಹಿಂದೆ ಯಾಕೆ ಕೂತಿದ್ದೀರಿ? ಬನ್ನಿ, ಅಪ್ಪನ ಪಕ್ಕ ಕೂತ್ಕೊಳ್ಳಿ."

ಕೂತೆ. ಎಲ್ಲರೆದುರು ಅವರ ಹಣೆ ಮುಟ್ಟಿದೆ. ಆಗ ಅಳು ಬಂತು.

ದೇವರೇ, ನಿನ್ನ ಚಿತ್ತವನ್ನು ಪ್ರಶ್ನಿಸುವಷ್ಟು ದೊಡ್ಡವಳಲ್ಲ ನಾನು. ನಿನ್ನ ಬಳಿಗೆ ಬಂದ ಈ ಜೀವ ಬಹಳ ದಣಿದಿದೆ. ಏನನ್ನೂ ಕೇಳದೆ ಒಳಗೆ ಕರೆದುಕೋ. ನಿನ್ನ ನೆರಳಿನಲ್ಲಿ ಅವರಿಗೆ ಶಾಂತಿ ಕೊಡು.