ಪೂರ್ವಿಕರ ಪಾಲಿನ ಪಂಪು

ಕುತ್ತಿಗೆಯ ಮೇಲೆ ಮಚ್ಚು ತಣ್ಣಗೆ ಕೂತಿತ್ತು.

ನನ್ನ ಕೈಯಲ್ಲಿ ಸ್ಪ್ಯಾನರ್. ಎದುರಿಗೆ ಹೊಚ್ಚಹೊಸ ಕೈಪಂಪು. ಒಂದೇ ಒಂದು ಬೋಲ್ಟ್ ಬಾಕಿ!

"ಇನ್ನೊಂದು ಸುತ್ತು ತಿರುಗಿಸು ಬ್ರೆನ್ಯಾ," ಎಂದ ಮಚ್ಚಿನವನು, "ನಿನ್ನ ತಲೆನೂ ಉರುಳುತ್ತೆ."

ತಿರುಗಿಸಲಿಲ್ಲ.

ನನ್ನ ಕಸುಬು ಹೇಳಿಬಿಡುತ್ತೇನೆ. ನೀರಿನ ಮಂತ್ರಿ ಅಜಾರೆಯವರ ಉದ್ಘಾಟನೆಗಳನ್ನು ಸುಸೂತ್ರ ನಡೆಸಿಕೊಡುವುದು. ಘಾನಾದ ಹಳ್ಳಿಹಳ್ಳಿಗೂ ಪಂಪು ಹಾಕಿಸಲು ಬಂದ ದುಡ್ಡು ಅವರ ಹೊಟ್ಟೆ ಸೇರಿತ್ತು. ಉಳಿದದ್ದು ಇದೊಂದೇ ಪಂಪು! ಬೆಳಿಗ್ಗೆ ಒಂದೂರಲ್ಲಿ ಕೂರಿಸು. ರಿಬ್ಬನ್ ಕತ್ತರಿಸಿ ಟೀವಿಯವರು ಹೋದ ಮೇಲೆ ಕಿತ್ತು ಲಾರಿಗೆ ಹಾಕು. ಮಧ್ಯಾಹ್ನ ಮುಂದಿನೂರು. ಅಲ್ಲಿ ಕೊಳವೆಬಾವಿ ಒಣಗಿದ್ದರೆ ಪೊದೆಯ ಹಿಂದೆ ನಿಂತ ಟ್ಯಾಂಕರಿನಿಂದ ಪಂಪಿಗೆ ನೀರು!

ಈ ಮಧ್ಯಾಹ್ನ ಮುಂದಿನೂರು ಬೊಅಮಾದಿಯ ಉದ್ಘಾಟನೆಗೆ ಬರುವವರು ಸಾಕ್ಷಾತ್ ದೇಶದ ಅಧ್ಯಕ್ಷರು. ಅಲ್ಲಿ ಪಂಪು ಇರದಿದ್ದರೆ ಕದ್ದವನು ನಾನೇ ಎಂದಾಗುತ್ತಿತ್ತು. ನೇರ ಜೈಲು!

"ಬಿಡ್ರೋ ಅವನ್ನ. ಹೊಟ್ಟೆಪಾಡಿನ ಪ್ರಾಣಿ," ಎಂದಳು ಸುಟ್ಟ ಬಾಳೆಕಾಯಿ ಮೆಲ್ಲುತ್ತಿದ್ದ ಊರಿನ ರಾಣಿಯಜ್ಜಿ ಅಫ್ರಾಕುಮಾ. "ಕಳಿಸಿದವನನ್ನ ಕರೆಸಿ."

ಮಂತ್ರಿ ಧೂಳೆಬ್ಬಿಸಿಕೊಂಡು ಬಂದರು. ಜೊತೆಗೆ ಇಬ್ಬರು ಬಂದೂಕಿನವರು.

"ಏನು ನಾನಾ ಇದು? ರಿಪೇರಿಗೆ ಒಯ್ತಿದ್ದೀವಿ ಅಷ್ಟೆ!" ಎಂದರು. ನಾನಾ ಎಂದರೆ ರಾಣಿಯಜ್ಜಿಗೆ ಸಲ್ಲುವ ಗೌರವದ ಮಾತು.

"ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೇ ರಿಪೇರಿಯಾ ಆನರಬಲ್? ನಿಮ್ಮ ಸರ್ಕಾರದಷ್ಟೇ ಗಟ್ಟಿ ಅನ್ನಿ!"

ಊರೆಲ್ಲ ನಕ್ಕಿತು. ಬಂದೂಕಿನವನೊಬ್ಬ ಕೂಡ!

"ಹೋಗಲಿ... ಬೆಳಿಗ್ಗೆ ನೆಲಕ್ಕೆ ಮದ್ಯ ಎರೆದವರು ಯಾರು?"

ಮಂತ್ರಿ ಗಡಿಯಾರ ನೋಡಿಕೊಂಡರು.

ಕ್ಯಾಮೆರಾ ಕಂಡಿದ್ದೇ ತಡ, ಪೂಜಾರಿಯ ಕೈಯಿಂದ ಬಾಟಲಿ ಕಿತ್ತುಕೊಂಡವರು ಇವರೇ. "ಪೂರ್ವಿಕರೇ, ಕುಡಿಯಿರಿ! ಈ ಪಂಪು ನಿಮ್ಮದು!" ಎಂದು ಗಂಟಲು ಹರಿಯುವಂತೆ ಕೂಗಿದವರೂ ಇವರೇ. ಸತ್ತವರಿಗೆ ಕುಡಿಸಿ ಕೊಟ್ಟದ್ದನ್ನು ವಾಪಸು ಒಯ್ದವನ ವಂಶ ಉಳಿಯುವುದಿಲ್ಲ... ನಮ್ಮಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಬಾಟಲಿ ಕೊಂಡು ತಂದ ನನಗೇ ಹೊಳೆದಿರಲಿಲ್ಲ!

"ಕೊಟ್ಟವರೇ ಕಿತ್ಕೊಳ್ಳಲಿ," ಎಂದು ಅಜ್ಜಿ ಸ್ಪ್ಯಾನರ್ ಚಾಚಿದಳು.

ಲಂಡನ್ನಿನಲ್ಲಿ ಓದಿದ ಕೈ ಬೆನ್ನ ಹಿಂದೆ ಅಡಗಿತು. ಬಂದೂಕಿನವರು ಆಕಾಶ ನೋಡತೊಡಗಿದರು.

"ಬ್ರೆನ್ಯಾ... ಏನಾದ್ರೂ ಮಾಡೋ! ಅಧ್ಯಕ್ಷರು ಹೊರಟಾಯ್ತು!"

"ಪಂಪು ಇಲ್ಲೇ ಇರಲಿ ಆನರಬಲ್. ಬೋರ್ಡ್ ತರ್ತೀನಿ!"

ಲಾರಿ ಹಾರಿಸಿದೆ. ಬೊಅಮಾದಿಗೆ ತಿರುಗುವ ಅಡ್ಡರಸ್ತೆ. ದೂರದಲ್ಲಿ ಸೈರನ್! 'ಬೊಅಮಾದಿ' ಎಂದು ಬರೆದ ಊರಿನ ಬೋರ್ಡನ್ನು ಬುಡಸಮೇತ ಕಿತ್ತೆ. ಬೋರ್ಡಿಲ್ಲದ ತಿರುವು ದಾಟಿ ಸೈರನ್ ನನ್ನ ಬೆನ್ನಿಗೇ ಬಂತು. ಗುಂಡಿ, ಮೇಕೆ, ಬೇಲಿ... ಯಾವುದನ್ನೂ ಲೆಕ್ಕಿಸಲಿಲ್ಲ. ಅಜ್ಜಿಯ ಊರಬಾಗಿಲಲ್ಲಿ ಬೋರ್ಡ್ ನೆಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಮೊದಲ ಕಾರು ಒಳಗೆ!

"ಹೆಸರು ತಾನೇ? ಇಟ್ಕೊಳ್ಳಿ," ಎಂದಳು ಅಜ್ಜಿ. "ಹೆಸರನ್ನ ಕುಡಿಯೋಕಾಗುತ್ತಾ? ಆದ್ರೆ ಬೋರ್ಡಿಗೊಂದು ಕುರಿ!"

ಅಧ್ಯಕ್ಷರು ಪಂಪು ಒತ್ತಿದರು. ನೀರು ಚಿಮ್ಮಿತು. ಚಪ್ಪಾಳೆ!

ಅಂದಿನಿಂದ ಪಂಪು ಕದಲಿಲ್ಲ. ಬೋರ್ಡುಗಳು ಮಾತ್ರ ಬದಲಾಗುತ್ತವೆ. ಅಜ್ಜಿಯ ಕುರಿಮಂದೆ ಬೆಳೆಯುತ್ತಿದೆ.

ಮೊನ್ನೆ ನೆಟ್ಟದ್ದು ನನ್ನ ಹುಟ್ಟೂರಿನ ಬೋರ್ಡು. ಸಂಜೆ ಅಮ್ಮನ ಫೋನ್. ಹೊಳೆಯಿಂದ ನೀರು ಹೊತ್ತು ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಮಗಾ, ನಮ್ಮೂರಿಗೆ ಪಂಪು ಬಂತಂತೆ... ಟೀವೀಲಿ ತೋರಿಸಿದ್ರು. ಎಲ್ಲಿದೆಯೋ ಅದು?"

"ಟೀವೀಲೇ ಇದೆ ಅಮ್ಮಾ," ಎಂದೆ.