ಅರಿಶಿನದ ಹೆಬ್ಬೆಟ್ಟು

ಸತ್ತವರ ಬೆರಳ ಗುರುತು ದಿನ ಕಳೆದಂತೆ ಮಾಸಬೇಕು. ಅದು ಲೋಕರೂಢಿ. ತಾನ್ಯಾಳ ಆಲ್ಬಮ್‌ನಲ್ಲಿದ್ದ ಗುರುತು ಮಾತ್ರ ಬುಧವಾರ ಸಂಜೆ ನಾಲ್ಕು ಗಂಟೆಗೆ ಹೊಚ್ಚಹೊಸದಾಗಿತ್ತು.

ನವೆಂಬರ್ ತಿಂಗಳು. ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ ಆ ಹೊತ್ತಿಗೆ ಕತ್ತಲೆ ಇಳಿದಾಗಿರುತ್ತದೆ. ಚಿನ್ಮಯಿ ಲ್ಯಾಬಿನಿಂದ ಬಂದು ಬಾಗಿಲ ಬಳಿ ಬೂಟು ಕಳಚುತ್ತಿದ್ದಳು. ಒಂಬತ್ತು ವರ್ಷದ ತಾನ್ಯಾ ಆಲ್ಬಮ್ ಎದೆಗವಚಿಕೊಂಡು ಓಡಿಬಂದಳು. ಮಗುವಿನ ಮುಖ ಅರಳಿತ್ತು. ಹತ್ತು ತಿಂಗಳಿಂದ ಆ ಮುಖ ಹಾಗೆ ಅರಳಿದ್ದನ್ನು ಚಿನ್ಮಯಿ ಕಂಡಿರಲಿಲ್ಲ.

"ಪಪ್ಪಾ ಮನೆಗೆ ಬಂದಿದ್ದ," ಎಂದಳು ಹುಡುಗಿ, ಸ್ವೀಡಿಷಿನಲ್ಲಿ.

ಅಡುಗೆಮನೆಯಲ್ಲಿ ತಟ್ಟೆ ಬಿದ್ದು ಒಡೆದ ಸದ್ದಾಯಿತು. ತಾನ್ಯಾಳ ತಾಯಿ ಊರ್ಮಿಳಾ ಬಾಗಿಲಿಗೆ ಬಂದು ನಿಂತಳು. ಅವಳ ತುಟಿ ಬಿಳಿಚಿಕೊಂಡಿತ್ತು.

ಚಿನ್ಮಯಿ ಆ ಮನೆಯ ಬಾಡಿಗೆದಾರಳು. ಕಾಗದದ ಮೇಲೆ ಸರ್ಕ್ಯೂಟ್ ಮುದ್ರಿಸುವುದು ಅವಳ ಪಿಎಚ್‌ಡಿ ವಿಷಯ. ಎರಡು ವರ್ಷದಿಂದ ಮೂಲೆಯ ಕೋಣೆಯಲ್ಲಿದ್ದಾಳೆ. ಮನೆಯ ಯಜಮಾನ ಅನಂತಕೃಷ್ಣ ಕಳೆದ ಜನವರಿಯಲ್ಲಿ ಟ್ರ್ಯಾಮ್ ನಿಲ್ದಾಣದಲ್ಲಿ ನಿಂತಿದ್ದಂತೆಯೇ ಕುಸಿದಿದ್ದ. ನಲವತ್ತೊಂದರ ಹೃದಯ ಅಲ್ಲಿಗೇ ನಿಂತಿತು.

ಅದಕ್ಕೆ ಮೂರೇ ತಿಂಗಳ ಹಿಂದೆ ಮಗಳಿಗೆ ಐಸ್ ಹಾಕಿ ಆಟಗಾರರ ಚಿತ್ರದ ಕಾರ್ಡು ಕೂಡಿಸುವ ಹುಚ್ಚು ಹತ್ತಿಸಿದವನು ಅವನೇ. ಅದಕ್ಕೆ ಅವನದೇ ಕಾನೂನುಗಳಿದ್ದವು. ಕಾರ್ಡನ್ನು ಅಂಚಿನಲ್ಲೇ ಹಿಡಿಯಬೇಕು. ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್ ಹಾಕಬೇಕು. ಬೆಲೆ ನೋಡಿ ಕೂಡಿಸಬಾರದು, ಮನಸ್ಸಿಗೆ ಹಿಡಿಸಿದ್ದನ್ನು ಕೂಡಿಸಬೇಕು. ಪಟ್ಟಿ ಬರೆದಿಡಬೇಕು. ಒಂದೇ ಕಾರ್ಡು ಎರಡು ಬಂದರೆ ಅದು ವಿನಿಮಯದ ಡಬ್ಬಿಗೆ ಹೋಗಬೇಕು. ಪಟ್ಟಿಯಲ್ಲಿ ಒಂದನೇ ನಂಬರು ಮುಖವಾಡ ತೊಟ್ಟ ಗೋಲ್‌ಕೀಪರನದು. "ಮೊದ್ಲು ಮನೆ ಕಾಯೋನು ಬರ್ಬೇಕು, ಆಮೇಲೆ ಮಿಕ್ಕೋರು," ಎಂದಿದ್ದ.

ಅವತ್ತು ವಿಡಿಯೋ ಕಾಲ್‌ನಲ್ಲಿದ್ದ ಅವನ ತಾಯಿ ಪಾರ್ವತಮ್ಮ ಸುಮ್ಮನಿರಲಿಲ್ಲ. ಹೊಸ ಪುಸ್ತಕವೋ ಹೊಸ ಗಾಡಿಯೋ, ಅರಿಶಿನ ಹಚ್ಚದೆ ಶುರು ಮಾಡುವುದುಂಟೇ ಎಂದು ಆಕ್ಷೇಪಿಸಿದ್ದರು. ಅನಂತಕೃಷ್ಣ ಹೆಬ್ಬೆರಳನ್ನು ಒದ್ದೆ ಅರಿಶಿನದಲ್ಲಿ ಅದ್ದಿ ಕಾರ್ಡಿನ ಮೂಲೆಗೆ ಒತ್ತಿಬಿಟ್ಟ. ಒಣಗುವ ಮೊದಲೇ ಕವರಿಗೆ ತುರುಕಿದ. ಪಕ್ಕದಲ್ಲಿದ್ದ ಗೆಳೆಯ ಮಧುಸೂದನ್ ತಲೆಯ ಮೇಲೆ ಕೈ ಹೊತ್ತು ಕೂತ. ಕಾರ್ಡು ಹಾಳಾಯಿತು, ಇನ್ನು ಇದಕ್ಕೆ ಮೂರು ಕಾಸು ಬೆಲೆಯಿಲ್ಲ ಎಂದ.

ಆ ಹಳದಿ ಹೆಬ್ಬೆಟ್ಟು ಈಚೆಗೆ ಕಂಡೂ ಕಾಣದಷ್ಟು ಮಾಸಿತ್ತು. ಈಗ ಚಿನ್ಮಯಿ ಬಗ್ಗಿ ನೋಡಿದಳು. ಆಗಷ್ಟೇ ಒತ್ತಿದಂತೆ ಅದು ಹೊಳೆಯುತ್ತಿತ್ತು.

* * *

ಮರುದಿನ ಬೆಳಿಗ್ಗೆ ಮುಂಬಾಗಿಲ ಒಳಗೆ ಒಂದು ಜೊತೆ ಚಪ್ಪಲಿ ಇತ್ತು. ಅನಂತಕೃಷ್ಣನ ಮನೆ ಚಪ್ಪಲಿ. ಜನವರಿಯಿಂದ ಅದು ಅಟ್ಟದ ಪೆಟ್ಟಿಗೆಯಲ್ಲಿತ್ತು. ಈಗ ತುದಿಯನ್ನು ಮನೆಯ ಒಳಮುಖವಾಗಿಟ್ಟು ಜೋಡಿಸಲಾಗಿತ್ತು, ಹೊರಗಿನಿಂದ ಬಂದವರು ಕಾಲು ತೂರಿಸಿದರೆ ಸಾಕು ಎಂಬಂತೆ. ಮುಂಬಾಗಿಲು ಎರಡು ಬೆರಳಷ್ಟು ತೆರೆದಿತ್ತು.

ಚಿನ್ಮಯಿ ಒಂದು ಹೆಜ್ಜೆ ಹಿಂದೆ ಸರಿದಳು. ವಿಜ್ಞಾನದ ವಿದ್ಯಾರ್ಥಿನಿ ನಿಜ. ಆದರೆ ಹೆದರಿಕೆಗೆ ಡಿಗ್ರಿಯ ದಾಕ್ಷಿಣ್ಯವಿಲ್ಲ. ಅವಳು ಬಾಗಿಲು ಹಾಕಿ ಚಿಲಕ ತಿರುಗಿಸಿದಳು. ಸಂಜೆ ಬಂದಾಗ ಬಾಗಿಲು ಮತ್ತೆ ತೆರೆದಿತ್ತು.

ಶುಕ್ರವಾರ ಹತ್ತು ಗಂಟೆಗೆ ಶಾಲೆಯಿಂದ ಫೋನು ಬಂತು. ಊರ್ಮಿಳಾ ಎದುರು ರಸ್ತೆಯ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಾಳೆ. ಅವಳು ಫೋನು ಎತ್ತದಿದ್ದಾಗ ಶಾಲೆಯವರು ಎರಡನೇ ನಂಬರಿಗೆ, ಅಂದರೆ ಚಿನ್ಮಯಿಗೆ, ಮಾಡಿದ್ದರು. ತಾನ್ಯಾ ತರಗತಿಗೆ ಬಂದಿರಲಿಲ್ಲ.

ಚಿನ್ಮಯಿ ಓಡಿ ಬಂದಳು. ಬಾಗಿಲು ಹಾರುಹೊಡೆದಿತ್ತು. ಮನೆ ಮಂಜುಗಡ್ಡೆಯಾಗಿತ್ತು. ಹಜಾರದ ಕೋಟು ಕಪಾಟಿನೊಳಗೆ, ಅಪ್ಪನ ಹಳೆಯ ಜಾಕೆಟ್ಟಿನ ಕೆಳಗೆ ತಾನ್ಯಾ ಮುದುಡಿ ಕೂತಿದ್ದಳು. ಅವಳ ಕೈಬೆರಳು ನೀಲಿಗಟ್ಟಿದ್ದವು.

ಪಪ್ಪಾ ಬರುವುದು ಮನೆಯಲ್ಲಿ ಯಾರೂ ಇಲ್ಲದಾಗ. ಅವನ ಬೀಗದ ಕೈ ಮಮ್ಮಾ ಹತ್ತಿರ ಇದೆ. ಬಾಗಿಲು ಹಾಕಿದ್ದರೆ ಅವನು ಹೊರಗೇ ನಿಂತಿರಬೇಕಾಗುತ್ತದೆ. ಹುಡುಗಿ ಇದನ್ನೆಲ್ಲ ಲೆಕ್ಕದ ಉತ್ತರ ಒಪ್ಪಿಸುವಂತೆ ಶಾಂತವಾಗಿ ಹೇಳಿದಳು. ಚಪ್ಪಲಿ ಇಟ್ಟವಳೂ ಬಾಗಿಲು ತೆರೆದವಳೂ ಅವಳೇ. ಸೋಮವಾರವೂ ಶಾಲೆಗೆ ಹೋಗುವುದಿಲ್ಲವಂತೆ.

ಚಪ್ಪಲಿಯ ದೆವ್ವ ಅಲ್ಲಿಗೆ ಇಳಿಯಿತು. ಅರಿಶಿನದ ದೆವ್ವ ಉಳಿಯಿತು. ಅದನ್ನು ಹಿಡಿಯದಿದ್ದರೆ ಈ ಮಗು ಚಳಿಗಾಲವಿಡೀ ತೆರೆದ ಬಾಗಿಲಲ್ಲಿ ಕಾಯುತ್ತದೆ. ಚಿನ್ಮಯಿ ಅವಳ ಕೈ ಉಜ್ಜಿ ಬಿಸಿ ಮಾಡುತ್ತ, ಆಲ್ಬಮ್ ಒಂದು ದಿನಕ್ಕೆ ಕೊಡುತ್ತೀಯಾ ಎಂದು ಕೇಳಿದಳು.

* * *

ಲ್ಯಾಬಿನಲ್ಲಿ ಮುದ್ರಣದ ದೋಷ ಹುಡುಕಲು ಒಂದು ನೇರಳೆ ಟಾರ್ಚ್ ಇತ್ತು. ಅದರ ಬೆಳಕಿಗೆ ಅರಿಶಿನ ಹಸಿರುಹಳದಿಯಾಗಿ ಉರಿಯುತ್ತದೆ. ಚಿನ್ಮಯಿ ದೀಪ ಆರಿಸಿ ಕಾರ್ಡಿನ ಮೇಲೆ ಟಾರ್ಚ್ ಬಿಟ್ಟಳು. ಹೆಬ್ಬೆಟ್ಟಿನ ಒಂದೊಂದು ಗೆರೆಯೂ ಎದ್ದು ಕಂಡಿತು. ಗೆರೆಗಳನ್ನು ಅಡ್ಡಡ್ಡ ಸೀಳಿಕೊಂಡು ಕೂದಲೆಳೆಯಂಥ ಮೂರು ಕಪ್ಪು ಗೀರುಗಳಿದ್ದವು.

ಹಿಂಬದಿ ನೋಡಲೆಂದು ಕಾರ್ಡನ್ನು ಅಂಚಿನಲ್ಲಿ ಹಿಡಿದು ಹೊರತೆಗೆದಳು. ಖಾಲಿ ಕವರ್ ಮೇಜಿನ ಮೇಲೆ ಬಿತ್ತು. ಟಾರ್ಚಿನ ಬೆಳಕು ಅದರ ಮೇಲೂ ಹರಿಯಿತು.

ಕವರಿನ ಒಳಮೈಯಲ್ಲಿ ಇನ್ನೊಂದು ಹೆಬ್ಬೆಟ್ಟು ಇತ್ತು.

ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಟಾರ್ಚಿಗೆ ಮಾತ್ರ ಮಂಕಾಗಿ ಕಾಣುತ್ತಿತ್ತು. ಕಾರ್ಡಿನ ಮೇಲಿದ್ದುದಕ್ಕಿಂತ ಬಹಳ ಅಗಲ, ನಡುವೆ ಸುಳಿ. ಗೀರುಗಳಿಲ್ಲ. ಒದ್ದೆ ಇದ್ದಾಗಲೇ ತುರುಕಿದ ಕಾರ್ಡಿನಿಂದ ಪ್ಲಾಸ್ಟಿಕ್ಕಿಗೆ ಅಂಟಿದ್ದು ಅದು. ಅನಂತಕೃಷ್ಣನದು.

ಅಂದರೆ ಕವರ್ ಹಳೆಯದು, ಕಾರ್ಡು ಬೇರೆ. ಯಾರೋ ಮೂಲ ಕಾರ್ಡನ್ನು ತೆಗೆದು, ಅಂಥದೇ ಇನ್ನೊಂದಕ್ಕೆ ತಮ್ಮ ಹೆಬ್ಬೆರಳು ಒತ್ತಿ ಇಟ್ಟಿದ್ದಾರೆ. ದೆವ್ವಕ್ಕೆ ಎರಡನೇ ಕಾರ್ಡಿನ ಅಗತ್ಯವಿಲ್ಲ. ಚಿನ್ಮಯಿಗೆ ಎರಡು ದಿನದಲ್ಲಿ ಮೊದಲ ಬಾರಿಗೆ ಉಸಿರು ಸಲೀಸಾಯಿತು.

* * *

ಆ ಮನೆಯ ಬೀಗದ ಕೈ ಇನ್ನೊಬ್ಬನ ಹತ್ತಿರವೂ ಇತ್ತು. ಮಧುಸೂದನ್. ಗೋದಾಮು ಕಂಪನಿಯೊಂದರಲ್ಲಿ ಕೆಲಸ. ಅನಂತಕೃಷ್ಣ ಹೋದ ಮೇಲೆ ಪ್ರತಿ ಶನಿವಾರ ತಾನ್ಯಾಳಿಗೆ ಕಾರ್ಡು ತಂದುಕೊಟ್ಟು ಆಲ್ಬಮ್ ಮುಂದುವರಿಸಿದವನು ಅವನೇ. ಅವನ ಬಳಿ ಅದೇ ಗೋಲ್‌ಕೀಪರನ ಕಾರ್ಡು ಎರಡಿದ್ದವೆಂದು ಚಿನ್ಮಯಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಅವನ ಮನೆಗೆ ಹೋಗಿ ನೇರವಾಗಿ ಕೇಳಿದಳು. ಅವನು ಕಾಫಿ ಲೋಟ ಕೆಳಗಿಟ್ಟ. ಒಂದನ್ನು ಬೇಸಿಗೆಯಲ್ಲೇ ತಾನ್ಯಾಳ ವಿನಿಮಯದ ಡಬ್ಬಿಗೆ ಹಾಕಿದ್ದನಂತೆ. ಇನ್ನೊಂದು ತನ್ನ ಆಲ್ಬಮ್‌ನಲ್ಲೇ ಇದೆ ಎಂದು ತೆಗೆದು ತೋರಿಸಿದ.

"ನನ್ನ ಮೇಲೆ ಡೌಟಾ, ಚಿನ್ಮಯಿ?"

"ನಿಮ್ ಹತ್ರ ಕೀ ಇದೆ, ಮಧು ಅಣ್ಣ. ಮಗೂನ ಖುಷಿ ಪಡಿಸ್ಬೇಕು ಅಂತ ಮಾಡಿರ್ಬಹುದು ಅಂದ್ಕೊಂಡೆ."

ಅವನು ಪೆನ್ನಿನ ಶಾಯಿಯನ್ನು ಹೆಬ್ಬೆರಳಿಗೆ ಬಳಿದು ಹಾಳೆಯ ಮೇಲೆ ಒತ್ತಿದ. ಮೊರದಗಲದ ಗುರುತು. ಕಾರ್ಡಿನ ಮೇಲಿದ್ದುದು ಅದರ ಅರ್ಧವೂ ಇಲ್ಲ. ಚಿನ್ಮಯಿ ತಲೆ ತಗ್ಗಿಸಿ ಕ್ಷಮೆ ಕೇಳಿದಳು. "ಅವನಿದ್ದಿದ್ರೆ ನಿನ್ನ ಕೆಲಸಕ್ಕೆ ಭೇಷ್ ಅಂತಿದ್ದ," ಎಂದ ಮಧುಸೂದನ್, ಶಾಯಿ ಒರೆಸಿಕೊಳ್ಳುತ್ತ.

ಟ್ರ್ಯಾಮಿನಲ್ಲಿ ಕೂತು ಯೋಚಿಸಿದಳು. ಡಬ್ಬಿ ಮನೆಯಲ್ಲೇ ಇದೆ. ತಾನ್ಯಾಳ ಬೆರಳು ಆ ಗುರುತಿಗಿಂತ ಚಿಕ್ಕದು. ಇನ್ನು ಮನೆಯಲ್ಲಿ ಉಳಿದವರು ಇಬ್ಬರು. ಒಬ್ಬಳು ತಾನು.

* * *

ಊರ್ಮಿಳಾ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಮರದ ಹಲಗೆ ಗೋಡೆಗೆ ಒರಗಿಕೊಂಡು ತೆಪ್ಪಗಿತ್ತು. ಅವಳು ಹಲಗೆ ಮುಟ್ಟುವವಳಲ್ಲ. ಬೀನ್ಸನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಚಾಕುವನ್ನು ಹೆಬ್ಬೆರಳ ಕಡೆಗೆ ಎಳೆದು, ಚಕಚಕ ಪಾತ್ರೆಗೆ ಉದುರಿಸುವುದು ಅವಳ ರೂಢಿ. ಪ್ರತಿ ಏಟಿಗೂ ಚಾಕು ಹೆಬ್ಬೆರಳಿಗೆ ತಾಗಿ ನಿಲ್ಲುತ್ತಿತ್ತು.

ಚಿನ್ಮಯಿ ಆ ಹೆಬ್ಬೆರಳನ್ನೇ ನೋಡಿದಳು. ಅಡ್ಡಡ್ಡವಾಗಿ ಗೀರುಗಳಿದ್ದವು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ತನ್ನ ಪತ್ತೇದಾರಿಕೆ.

"ಊರ್ಮಿಳಾ ಅಕ್ಕ, ಹಳೇ ಕಾರ್ಡ್ ಎಲ್ಲಿದೆ?"

ಚಾಕು ನಿಂತಿತು. ಊರ್ಮಿಳಾ ಅದನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ಹಳೆಯ ಕಾರ್ಡು. ಗೋಲ್‌ಕೀಪರನ ಮುಖವಾಡದ ಪಕ್ಕದ ಮೂಲೆ ಕೆಂಪಾಗಿತ್ತು. ಕಾಗದ ಕಿತ್ತು ಬಂದಿತ್ತು. ಹೆಬ್ಬೆಟ್ಟು ಇರಲಿಲ್ಲ.

ಬಿಡಿಬಿಡಿಯಾಗಿ ಎಲ್ಲ ಹೊರಬಂತು. ದಿನಾ ಊಟದ ಬಿಡುವಿನಲ್ಲಿ ಅವಳು ಮನೆಗೆ ಬರುತ್ತಿದ್ದಳು. ಆಲ್ಬಮ್ ತೆರೆದು, ಕಾರ್ಡು ಹೊರತೆಗೆದು, ಗಂಡನ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಡುತ್ತಿದ್ದಳು. ಅಷ್ಟೇ. ಬೂದಿ ಶ್ರೀರಂಗಪಟ್ಟಣದ ನದಿಗೆ ಹೋಗಿತ್ತು. ಅವನ ಮೈಯ ಗುರುತು ಎಂದು ಈ ಮನೆಯಲ್ಲಿ ತೋರಿಸಲು ಉಳಿದದ್ದು ಅದೊಂದೇ. ಬುಧವಾರ ಒಗ್ಗರಣೆ ಹಾಕಿ ಬಂದ ಕೈಯಲ್ಲಿ ಎಣ್ಣೆಯಿತ್ತು. ಕಾರ್ಡಿಗೆ ಕಲೆಯಾಯಿತು. ಗಾಬರಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ಬಟ್ಟೆಯಿಂದ ಒರೆಸಿಬಿಟ್ಟಳು.

"ಸೋಪ್ ತಾಗಿದ್ರೆ ಅರಿಶಿನ ಕೆಂಪಾಗುತ್ತೆ ಅಂತ ಯಾರಿಗ್ ಗೊತ್ತಿಲ್ಲ ಹೇಳು. ಹದಿನೈದು ವರ್ಷದಿಂದ ಅರಿಶಿನದ ಕಲೆ ಒಗೀತಿದ್ದೀನಿ. ಆ ಕ್ಷಣ ಮರ್ತೇ ಹೋಯ್ತು. ನನ್ ಕೈಯಾರೆ ಅವ್ರನ್ನ ಒರೆಸಿ ಹಾಕ್ದೆ."

ಅವತ್ತು ತಾನ್ಯಾ ಶಾಲೆಯಿಂದ ಬರಲು ಹೆಚ್ಚು ಹೊತ್ತಿರಲಿಲ್ಲ. ವಿನಿಮಯದ ಡಬ್ಬಿಯಲ್ಲಿ ಜೋಡಿ ಕಾರ್ಡು ಸಿಕ್ಕಿತು. ಊರ್ಮಿಳಾ ತನ್ನ ಹೆಬ್ಬೆರಳನ್ನೇ ಅರಿಶಿನಕ್ಕೆ ಅದ್ದಿ ಒತ್ತಿದಳು. ಸ್ಟೌವಿನ ಬಿಸಿಗೆ ಹಿಡಿದು ಒಣಗಿಸಿ ಹಳೆಯ ಕವರಿಗೇ ಹಾಕಿದಳು. ಮಗು ಗುರುತು ಹಿಡಿಯಬಾರದು ಎಂದಷ್ಟೇ ಅವಳ ಯೋಚನೆ. ಮಗು ಅದನ್ನು ಅಪ್ಪ ಬಂದ ಸಾಕ್ಷಿ ಎಂದುಕೊಂಡಾಗ ಬಾಯಿ ಕಟ್ಟಿಹೋಯಿತು.

"ಹೇಳಿದ್ರೆ ಅವ್ಳು ಇನ್ನೊಂದ್ಸಲ ಅಪ್ಪನ್ನ ಕಳ್ಕೋತಾಳೆ, ಚಿನ್ಮಯಿ."

"ಹೇಳ್ದಿದ್ರೆ ಬಾಗ್ಲಲ್ಲೇ ಕೂತಿರ್ತಾಳೆ, ಅಕ್ಕ."

ಹಜಾರದಲ್ಲಿ ಸದ್ದಾಯಿತು. ತಾನ್ಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕನ್ನಡ ಆಡುವುದು ಅವಳಿಗೆ ಕಷ್ಟ. ಕೇಳಿದರೆ ಒಂದು ಅಕ್ಷರವೂ ತಪ್ಪುವುದಿಲ್ಲ.

ಅವಳು ಅಳಲಿಲ್ಲ. ಅಕ್ಕಿ ಮೆತ್ತಿದ ಅಮ್ಮನ ಕೈಯಲ್ಲಿದ್ದ ಕೆಂಪು ಕಾರ್ಡನ್ನು ನೋಡಿದಳು. "ಹಾಗಾದರೆ ಅವನು ಬರಲೇ ಇಲ್ಲ," ಎಂದಳು ಸ್ವೀಡಿಷಿನಲ್ಲಿ. ಊರ್ಮಿಳಾ ತಲೆ ಅಲ್ಲಾಡಿಸಿದಳು.

* * *

ಮೂರೂವರೆಗೆ ಕಿಟಕಿಯಾಚೆ ಬೆಳಕು ಮುಗಿಯಿತು. ಚಿನ್ಮಯಿ ಇಬ್ಬರನ್ನೂ ತಾನ್ಯಾಳ ಕೋಣೆಗೆ ಕರೆದು ಮೇಜಿನ ಮುಂದೆ ಕೂರಿಸಿದಳು. ಪರದೆ ಎಳೆದಳು. ಖಾಲಿ ಕವರನ್ನು ಕಪ್ಪು ಹಾಳೆಯ ಮೇಲಿಟ್ಟು ದೀಪ ಆರಿಸಿ, ಲ್ಯಾಬಿನಿಂದ ತಂದಿದ್ದ ಟಾರ್ಚ್ ಹಾಕಿದಳು.

ಕತ್ತಲೆಯಲ್ಲಿ ಅನಂತಕೃಷ್ಣನ ಹೆಬ್ಬೆರಳು ನಿಧಾನವಾಗಿ ಮೂಡಿತು. ಅಗಲವಾಗಿ, ನಡುವೆ ಸುಳಿಯೊಂದಿಗೆ.

ಊರ್ಮಿಳಾ ಸೆರಗಿಲ್ಲದ್ದರಿಂದ ಸ್ವೆಟರಿನ ತೋಳನ್ನೇ ಬಾಯಿಗೆ ಒತ್ತಿಕೊಂಡಳು. ಇದು ನಿಜಕ್ಕೂ ಅವರದೇ ಎಂದು ಚಿನ್ಮಯಿ ಹೇಳಿದಳು. ಅವರು ಕಾರ್ಡಿಗೆ ಒತ್ತಿದ್ದು ಅಳಿಸಿಹೋಗಿದೆ. ಕವರಿಗೆ ಅಂಟಿದ್ದು ಉಳಿದಿದೆ. ಬಿಸಿಲಿಗೆ, ದೀಪಕ್ಕೆ ಇಟ್ಟರೆ ಇದೂ ಮಾಸುತ್ತದೆ. ಕತ್ತಲೆಯಲ್ಲಿಟ್ಟರೆ ಬಹಳ ದಿನ ಇರುತ್ತದೆ.

ತಾನ್ಯಾ ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟಳು. ಸುತ್ತ ಹಸಿರು ಅಂಚು ಉಳಿಯಿತು. ಅಷ್ಟು ದೊಡ್ಡ ಬೆರಳು. ಆಮೇಲೆ ಕೈ ತೆಗೆದು, ಅಮ್ಮನ ಕೈ ಹಿಡಿದೆಳೆದು ಅಲ್ಲಿಗೆ ತಂದಳು. ಊರ್ಮಿಳಾ ಆಗ ಗೊಳೋ ಎಂದು ಅತ್ತಳು. ಹತ್ತು ತಿಂಗಳಿಂದ ಮಗಳೆದುರು ಅವಳು ಹನಿ ಕಣ್ಣೀರು ಹಾಕಿದವಳಲ್ಲ. ತಾನ್ಯಾ ಅವಳ ತೊಡೆಗೆ ಒತ್ತಿಕೊಂಡು ತಾನೂ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ದೀಪ ಹಾಕಿದರು. ತಾನ್ಯಾ ಪಟ್ಟಿಯ ಪುಸ್ತಕ ತೆಗೆದಳು. ಒಂದನೇ ನಂಬರನ್ನು ಹಾಗೇ ಬಿಟ್ಟಳು, ಮುಂದೆ "ಕವರ್" ಎಂದು ಸೇರಿಸಿದಳು. ಗೀರು ಗುರುತಿನ ಕಾರ್ಡನ್ನು ಕಡೆಯ ಸಾಲಿಗೆ ಬರೆದಳು: ನೂರ ಹದಿನೇಳು, ಗೋಲ್‌ಕೀಪರ್, ಮಮ್ಮಾ. ಅದಕ್ಕೊಂದು ಹೊಸ ಕವರ್ ಹುಡುಕಿ, ಅಂಚಿನಲ್ಲಿ ಹಿಡಿದು ಒಳಗೆ ಹಾಕಿದಳು.

ಆಮೇಲೆ ಎದ್ದು ಹಜಾರಕ್ಕೆ ನಡೆದಳು. ಚಿನ್ಮಯಿ ಇಣುಕಿ ನೋಡಿದಳು. ಹುಡುಗಿ ಬಗ್ಗಿ ಅಪ್ಪನ ಚಪ್ಪಲಿಯನ್ನು ಎತ್ತಿಕೊಂಡು ಕಂಕುಳಿಗೆ ಸೇರಿಸಿದಳು. ಇನ್ನೊಂದು ಕೈಯಿಂದ ಮುಂಬಾಗಿಲು ಮುಚ್ಚಿ ಚಿಲಕ ಹಾಕಿದಳು.