ಫಕೀರವ್ವನ ಎದೆನೋವು

ಫಕೀರವ್ವ ಬಡಿಗೇರ ಟ್ರೆಡ್‌ಮಿಲ್ ಮೇಲೆ ನಡೆಯತೊಡಗಿದ ಸ್ವಲ್ಪ ಹೊತ್ತಿಗೆ, ಎದುರಿನ ಬೆಂಚಿನಲ್ಲಿ ಕುಳಿತಿದ್ದ ಆರು ಮಂದಿ ಎಳೆಯ ವೈದ್ಯರು ಒಟ್ಟಿಗೇ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರಲ್ಲಿ ಯಾರಿಗೂ ಹೃದ್ರೋಗ ಇರಲಿಲ್ಲ. ಇದ್ದದ್ದು ಫಕೀರವ್ವನವರಿಗೆ.

“ಎಲ್ಲಿ ಹಿಡೀತು, ಹೇಳ್ರೆಪಾ?” ಎಂದು ಅವರು ನಡೆಯುತ್ತಲೇ ಕೇಳಿದರು.

“ಎದಿ ನಡುವ ಸ್ವಲ್ಪ ಭಾರ, ಅವ್ವಾರ. ಆಮ್ಯಾಲ ದವಡಿಗೆ ಬಂತು,” ಎಂದ ಇಂಟರ್ನ್ ಇಮ್ತಿಯಾಜ್ ನದಾಫ್.

“ಶಾಣ್ಯಾ ಅದಿ. ನಮ್ಮ ಮನಿಯವರಿಗೆ ವರ್ಷಗಟ್ಟಲೆ ಹೇಳೀನಿ, ತಿಳೀಲೇ ಇಲ್ಲ. ಅವ್ರಿಗೂ ಒಂದು ಪಟ್ಟಿ ಕಟ್ಟಬೇಕಿತ್ತು.”

ತರಗತಿ ನಕ್ಕಿತು. ಪಕ್ಕದಲ್ಲೇ ನಿಂತಿದ್ದ ಹೃದ್ರೋಗ ತಜ್ಞರು ಯಂತ್ರ ನಿಲ್ಲಿಸಿದರು. ನೋವು ಇಳಿಯಿತು.

ಎಳೆಯ ವೈದ್ಯರು ಕೈಗೆ ಕಟ್ಟಿಕೊಂಡಿದ್ದ ಆ ಪಟ್ಟಿಯ ಹೆಸರು ವೇದನಾವಾಹಕ. ರೋಗಿಯ ಎದೆ ಮತ್ತು ಕತ್ತಿಗೆ ಅಂಟಿಸಿದ ಬಿಲ್ಲೆಗಳು ನರಗಳಲ್ಲಿ ಸಾಗುವ ಸಂಕೇತಗಳನ್ನು ಹಿಡಿಯುತ್ತವೆ. ಪಟ್ಟಿ ಕಟ್ಟಿಕೊಂಡವರ ನರಗಳಲ್ಲಿ ಅದೇ ಸಂಕೇತಗಳು ದುರ್ಬಲ ವಿದ್ಯುತ್ ಸ್ಪಂದನಗಳಾಗಿ ಮರುಹುಟ್ಟುತ್ತವೆ. ಅವರ ಹೃದಯಕ್ಕೆ ಏನೂ ಆಗುವುದಿಲ್ಲ. ಅನುಭವ ಮಾತ್ರ ಆಗುತ್ತದೆ. ಅದರ ಕಾರಣವನ್ನು ವೈದ್ಯರೇ ಹುಡುಕಬೇಕು. ನೋವಿನ ಬಗ್ಗೆ ಪುಸ್ತಕ ಓದಿ ಕಲಿಯುವುದಕ್ಕಿಂತ ನೋವು ತಿಂದವರಿಂದಲೇ ಕಲಿಯುವುದು ಮೇಲು ಎಂಬ ನಂಬಿಕೆಯಿಂದ ಡಾ. ಮಂದಾಕಿನಿ ಇನಾಮದಾರ ಅದನ್ನು ರೂಪಿಸಿದ್ದರು. ಹುಬ್ಬಳ್ಳಿಯ ಹೊಸ ಬೋಧನಾ ಆಸ್ಪತ್ರೆಯೊಂದು ಪಟ್ಟಿಯ ಜೊತೆಗೆ ಅವರ ಇನ್ನೊಂದು ಸಲಹೆಯನ್ನೂ ಒಪ್ಪಿತು. ಪಾಠ ಹೇಳುವ ರೋಗಿ ಇನ್ನು ‘ರೋಗಿ-ಬೋಧಕ’. ವೈದ್ಯರು ಮತ್ತು ದಾದಿಯರ ವಾರದ ತಂಡಸಭೆಯಲ್ಲಿ ಅವರಿಗೂ ಒಂದು ಕುರ್ಚಿ. ಹಿಂದೆ ಖಾನಾವಳಿ ನಡೆಸುತ್ತಿದ್ದ ಫಕೀರವ್ವ ಅಂಥ ಮೊದಲ ಬೋಧಕಿ.

ಮಳೆಗಾಲ ಮುಗಿಯುವ ಹೊತ್ತಿಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಎದೆನೋವೆಂದು ಟೆಂಪೊ ಚಾಲಕನೊಬ್ಬ ಬಂದ. ಕರ್ತವ್ಯದಲ್ಲಿದ್ದವನು ಇಮ್ತಿಯಾಜ್. ಮೊದಲ ಇಸಿಜಿ ಸರಿಯಾಗಿತ್ತು. ಹೃದಯಾಘಾತದ ಆರಂಭದಲ್ಲಿ ಹಾಗೆ ಆಗುವುದುಂಟು. ಆದ್ದರಿಂದಲೇ ರೋಗಿಯನ್ನು ಉಳಿಸಿಕೊಂಡು ಇಸಿಜಿಯನ್ನೂ ರಕ್ತಪರೀಕ್ಷೆಯನ್ನೂ ಮತ್ತೆ ಮಾಡಬೇಕು. ಇಮ್ತಿಯಾಜ್ ಅದಕ್ಕೆ ಕಾಯದೆ ಪಟ್ಟಿ ಕಟ್ಟಿಕೊಂಡು ನೋಡಿ, ಹೊಟ್ಟೆಯ ಆಮ್ಲಕ್ಕೆ ಔಷಧ ಬರೆದುಕೊಟ್ಟು ಚಾಲಕನನ್ನು ಮನೆಗೆ ಕಳಿಸಿದ. ಮರುದಿನ ಆ ಮನುಷ್ಯನನ್ನು ಎತ್ತಿಕೊಂಡು ತಂದರು. ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿತ್ತು. ಅವನು ಇನ್ನು ಟೆಂಪೊ ಓಡಿಸುವಂತಿರಲಿಲ್ಲ.

ಈ ವಿಷಯ ತಂಡಸಭೆಗೆ ಬಂದ ದಿನ ಫಕೀರವ್ವನವರನ್ನು ಹೊರಗೆ ಕೂರಿಸಲಾಯಿತು. “ರೋಗಿಗಳ ಎದುರು ಇಂಥದ್ದೆಲ್ಲ ಬೇಡ,” ಎಂದವರು ಮಂದಾಕಿನಿಯವರೇ. ಇಮ್ತಿಯಾಜ್‌ನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡಲಾಯಿತು.

ಸಭೆ ಮುಗಿದು ಒಂದು ವಾರದ ಮೇಲೆ ಅವನು ಮಂದಾಕಿನಿಯವರ ಕೋಣೆಗೆ ಬಂದ.

“ಮೇಡಂ, ನಾ ಡಾಕ್ಟರಕಿ ಬಿಡ್ತೀನ್ರಿ.”

“ಪಟ್ಟಿ ಕೆಟ್ಟಿತ್ತೇನೋ, ನೋಡೋಣ ತಡಿ.”

“ಪಟ್ಟಿ ಸರಿ ಇತ್ತು. ನೋವು ಗೊತ್ತಾತು. ಆದ್ರ ಅಂವನ ನೋವು ಫಕೀರವ್ವಾರ ನೋವಿನಂಗ ಇರ್ಲಿಲ್ರಿ, ಅದಕ್ಕಿಂತ ಭಾಳ ಜೋರ ಇತ್ತು. ಹೃದಯದ ನೋವು ಹಿಂಗ ಇರೂದಿಲ್ಲ, ಅದು ನನಗ ಗೊತ್ತೈತಿ ಅಂತ ಅನ್ಕೊಂಡೆ.”

ಹುಡುಗ ಹೋದ ಮೇಲೂ ಮಂದಾಕಿನಿ ಕುಳಿತೇ ಇದ್ದರು. ಮೊದಲ ತರಗತಿಯಲ್ಲಿ ನೋವು ತಾಳಲಾರದೆ ಒಬ್ಬ ಹುಡುಗಿ ಅತ್ತುಬಿಟ್ಟಿದ್ದಳು. ಆಮೇಲಿನ ತರಗತಿಗಳಲ್ಲಿ ಯಾರೂ ಅಳಲಿಲ್ಲ. ಮಕ್ಕಳಿಗೆ ರೂಢಿಯಾಯಿತು ಎಂದು ತಾವು ಖುಷಿಪಟ್ಟದ್ದು ಅವರಿಗೆ ನೆನಪಾಯಿತು. ಎದ್ದು ಫಕೀರವ್ವನವರ ಮನೆಗೆ ಹೋದರು.

“ಅವ್ವಾರ, ಕ್ಲಾಸಿಗೆ ಬರೂಕಿಂತ ಮೊದಲ ಏನಾರ ಗುಳಿಗಿ ತಗೊಂತೀರೇನು?”

“ಮತ್ತ? ನಾಲಿಗಿ ಕೆಳಗ ಒಂದ ಇಟ್ಕೊಂಡ ಬರ್ತೀನಿ. ಮೆಟ್ಟಲಾ ಹತ್ತೂ ಮೊದಲ ಇಟ್ಕೋರಿ ಅಂತ ನಿಮ್ಮ ಡಾಕ್ಟರ ಹೇಳ್ಯಾರ.”

“ಕ್ಲಾಸಿಗೂ ಇಟ್ಕೋರಿ ಅಂತ ಅವರ ಹೇಳಿದ್ರೇನು?”

“ಅದನ್ನ ಯಾರ್ ಹೇಳಬೇಕು? ಮೊದಲ್ನೇ ದಿನ ಆ ಹುಡುಗಿ ಅತ್ತಿದ್ದು ನೋಡ್ಲಿಲ್ಲೇನು ನೀವು? ನಮ್ಮ ಖಾನಾವಳಿಗೆ ಪರಊರಿನ ಹುಡುಗ್ರು ಬಂದ್ರ, ಮೊದಮೊದಲು ಖಾರ ಕಡಿಮಿ ಹಾಕ್ತಿದ್ದೆ. ನಾಲಿಗಿ ಪಳಗಿದ ಮ್ಯಾಲ ನಮ್ಮ ಖಾರ. ಪಾಠಾನೂ ಹಂಗ ಅಲ್ರಿ? ಬರೂ ವರ್ಷ ನೋವು ಪೂರ್ತಿ ಕೊಡೂಣು ಅಂತ ಇದ್ದೆ.”

ಅದರಲ್ಲಿ ತಪ್ಪು ಹುಡುಕಲು ಮಂದಾಕಿನಿಯವರಿಗೆ ಆಗಲಿಲ್ಲ. ಆ ಗುಳಿಗೆ ರಕ್ತನಾಳಗಳನ್ನು ಸಡಿಲಿಸಿ ನೋವನ್ನು ಮೊದಲೇ ತಗ್ಗಿಸುತ್ತದೆ, ಅದಕ್ಕಾಗಿಯೇ ಕೊಡುತ್ತಾರೆ. ನರದ ಸಂಕೇತವನ್ನು ಅಷ್ಟು ಸೂಕ್ಷ್ಮವಾಗಿ ಅಳೆದ ತಾವು ಫಕೀರವ್ವನವರನ್ನು ಒಂದು ಮಾತು ಕೇಳಿರಲಿಲ್ಲ. ಪಾಠ ಕಲಿತ ಹುಡುಗರು ಅದನ್ನು ಎಲ್ಲಿ, ಹೇಗೆ ಬಳಸುತ್ತಾರೆ ಎಂದು ಅವರಿಗೆ ಹೇಳಿಯೂ ಇರಲಿಲ್ಲ.

ಈಗ ಸುಮ್ಮನಿದ್ದರೆ ಇಮ್ತಿಯಾಜ್ ಒಬ್ಬನೇ ಹೊರೆ ಹೊರಬೇಕು. ಹೇಳಿದರೆ ಆ ಹೊರೆಯಲ್ಲಿ ಒಂದು ಪಾಲು ಈ ಮುದುಕಿಗೆ. ಕೊನೆಗೆ ಮಂದಾಕಿನಿ ಹೇಳಿದರು: ಟೆಂಪೊ ಚಾಲಕನ ವಿಷಯ, ಇಮ್ತಿಯಾಜ್ ವಿಷಯ, ಎಲ್ಲವನ್ನೂ.

ಫಕೀರವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಆ ಡ್ರೈವರಗ ಮಕ್ಕಳು ಅದಾವೇನು?”

“ಇಬ್ಬರು.”

“ಅವತ್ತ ನನ್ನ ಹೊರಗ ಯಾಕ ಕೂಡ್ಸಿದ್ರಿ? ಒಳಗ ಇದ್ದಿದ್ರ ಅವತ್ತೇ ಹೇಳ್ತಿದ್ನಲ್ಲ, ಗುಳಿಗಿ ತಗೊಂತೀನಿ ಅಂತ. ಆ ಹುಡುಗಗ ಇಷ್ಟು ದಿನದ ಸಂಕಟ ತಪ್ಪತಿತ್ತು.”

“ಅದು ನನ್ನ ತಪ್ಪು, ಅವ್ವಾರ,” ಎಂದರು ಮಂದಾಕಿನಿ.

“ಸೋಮವಾರ ಬರ್ತೀನಿ,” ಎಂದರು ಫಕೀರವ್ವ. “ಗುಳಿಗಿ ಇಲ್ದ ನಡೀತೀನಿ. ಆ ಹುಡುಗನ್ನೂ ಕರೀರಿ.”

ಸೋಮವಾರ ಹೃದ್ರೋಗ ತಜ್ಞರು ಆಮ್ಲಜನಕ, ಔಷಧ ಎಲ್ಲವನ್ನೂ ಸಿದ್ಧವಾಗಿಟ್ಟುಕೊಂಡು ನಿಂತಿದ್ದರು. ಇಮ್ತಿಯಾಜ್ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಎಲ್ಲರೂ ಪಟ್ಟಿ ಕಟ್ಟಿಕೊಂಡರು. ಫಕೀರವ್ವ ಕುರ್ಚಿಯಲ್ಲಿ ಕುಳಿತು ಅವನನ್ನೊಮ್ಮೆ ನೋಡಿದರು. ಯಂತ್ರ ಇನ್ನೂ ಶುರುವಾಗಿರಲಿಲ್ಲ.

ಅಷ್ಟರಲ್ಲೇ ವಿದ್ಯಾರ್ಥಿಗಳ ಕೈ ಎದೆಗೆ ಹೋಯಿತು.

“ಬಂತು. ಎದಿ ಮ್ಯಾಲ ಏನೋ ಇಟ್ಟಂಗ ಆಗೇತಿ,” ಎಂದಳು ಒಬ್ಬಳು. “ಆದ್ರ ಅವ್ವಾರು ನಡದೇ ಇಲ್ಲ!”

ತಜ್ಞರು ಪರದೆ ನೋಡಿದರು. ಇಸಿಜಿಯಲ್ಲಿ ಏನೂ ದೋಷವಿರಲಿಲ್ಲ, ರಕ್ತದೊತ್ತಡವೂ ಸರಿಯಾಗಿತ್ತು. ಆದರೂ ಒಮ್ಮೆ ನೋಡಿ ಬಿಡಲಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಮತ್ತೆ ಮತ್ತೆ ಇಸಿಜಿ ತೆಗೆದರು. ಎಲ್ಲವೂ ಸರಿಯಾಗಿಯೇ ಬಂತು. ಭಾರ ಮಾತ್ರ ಇಳಿಯಲಿಲ್ಲ.

“ಪಟ್ಟೀನ ಕೆಟ್ಟೈತಿ ಕಾಣಸ್ತೈತಿ,” ಎಂದ ಇನ್ನೊಬ್ಬ.

“ಕೆಟ್ಟಿಲ್ಲ,” ಎಂದು ಇಮ್ತಿಯಾಜ್ ಎದ್ದು ನಿಂತ. “ಇದು ಹೃದಯದ ಜಡ್ಡಲ್ಲ. ಇದು ನನಗ ಗೊತ್ತೈತಿ. ಆ ಡ್ರೈವರನ್ನ ಎತ್ಕೊಂಡ ಬಂದ ದಿನದಿಂದ ನನಗೂ ಇದೇ ಐತಿ.”

ಅವನು ಮುಂದೆ ಬಂದು ಫಕೀರವ್ವನವರ ಕುರ್ಚಿಯ ಪಕ್ಕ ಕುಳಿತ.

“ಇವತ್ತ ನಡೀಬ್ಯಾಡ್ರಿ, ಅವ್ವಾರ.”

“ನಿನಗೂ ಹಿಂಗ ಆಗ್ತೈತೇನೋ?”

“ಹೌದ್ರಿ. ಮುಂಜಾನೆ ಎದ್ದ ಕೂಡ್ಲೇ.”

ಫಕೀರವ್ವ ಅವನ ತಲೆಯ ಮೇಲೆ ಕೈಯಿಟ್ಟರು. ಬೆಂಚಿನ ಮೇಲಿದ್ದ ಒಬ್ಬರೂ ಪಟ್ಟಿ ಬಿಚ್ಚಲಿಲ್ಲ.

ಮೇಜಿನ ಮೇಲೆ ಒಂದು ಪಟ್ಟಿ ಉಳಿದಿತ್ತು. ಮಂದಾಕಿನಿ ಅದನ್ನು ಎತ್ತಿ ತಮ್ಮ ಕೈಗೆ ಕಟ್ಟಿಕೊಂಡರು. ಹಸಿರು ದೀಪ ಹೊತ್ತಿಕೊಂಡಿತು; ಪಟ್ಟಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆದರೂ ಅವರ ಎದೆಗೆ ಹೊಸದಾಗಿ ಏನೂ ಅನ್ನಿಸಲಿಲ್ಲ; ಆ ಭಾರ ಅಲ್ಲಿ ಆಗಲೇ ಇತ್ತು.